ತೊಟ್ಟಿಯ ಕಡಲು, ಸುಣ್ಣದ ಲೆಕ್ಕ

ಹವಳ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೊರಳ ಸರದ ಕೆಂಪು ಮಣಿ. ನವರತ್ನಗಳಲ್ಲಿ ಅದಕ್ಕೊಂದು ಸ್ಥಾನವಿದೆ. ಕುಜನಿಗೆ ಪ್ರಿಯವಾದ ಕಲ್ಲೆಂದು ಉಂಗುರದಲ್ಲಿ ಧರಿಸುವವರೂ ಇದ್ದಾರೆ. ಆ ಕೆಂಪು ಹವಳ ಪ್ರಾಚೀನ ಕಾಲದಿಂದಲೂ ಮೆಡಿಟರೇನಿಯನ್ ಕಡಲಿನಿಂದ ವ್ಯಾಪಾರದ ದಾರಿಯಲ್ಲಿ ನಮ್ಮ ದೇಶಕ್ಕೆ ಬಂದ ವಸ್ತು. ಲಕ್ಷದ್ವೀಪದಲ್ಲಿ, ಮನ್ನಾರ್ ಕೊಲ್ಲಿಯಲ್ಲಿ, ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ದಿಬ್ಬಗಳನ್ನು ಕಟ್ಟಿರುವ ಕಲ್ಲುಹವಳ ಅದರ ದೂರದ ಬಂಧು. ಕಲ್ಲುಹವಳ ಗಿಡವಲ್ಲ, ಕಲ್ಲೂ ಅಲ್ಲ. ಮೃದುವಾದ ಮೈಯ ಪುಟ್ಟ ಪ್ರಾಣಿ. ಕಡಲನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ತನ್ನ ಬುಡಕ್ಕೆ ತಾನೇ ಗಾರೆ ಹಾಕಿಕೊಳ್ಳುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಹವಳದ ಅಸ್ಥಿ ಇವೆಲ್ಲ ಒಂದೇ ಕ್ಯಾಲ್ಸಿಯಂನ ಬೇರೆ ಬೇರೆ ರೂಪಗಳು.

ಈ ಪ್ರಾಣಿಯನ್ನು ಕಡಲಿನಿಂದ ಎತ್ತಿ ಗಾಜಿನ ತೊಟ್ಟಿಯಲ್ಲಿ ಬದುಕಿಸಲು ಮನುಷ್ಯ ತೊಡಗಿ ಈಗ ಸುಮಾರು ನೂರ ಎಂಬತ್ತು ವರ್ಷಗಳಾಗುತ್ತ ಬಂದಿವೆ. ಆ ಪ್ರಯತ್ನದ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ನೋಡಲು ಬಯಸುತ್ತೇವೆ. ಕಡಲಿನ ನೀರು ಇಂದಿನಂತೆಯೇ ನಾಳೆಯೂ ಇರುತ್ತದೆ ಎಂಬ ಸಾಮಾನ್ಯ ಸಂಗತಿಯ ಬೆಲೆ ಎಷ್ಟೆಂಬುದು ನಮಗೆ ಮೊದಲು ತಿಳಿದದ್ದು ಈ ತೊಟ್ಟಿಗಳಲ್ಲಿ. ಕಡಲಿನ ನೀರೇ ಬದಲಾಗತೊಡಗಿರುವ ಇಂದಿನ ದಿನಗಳಲ್ಲಿ ಆ ತಿಳಿವಳಿಕೆಗೆ ಬೇರೆಯೇ ಅರ್ಥ ಬಂದಿದೆ.

ವೆಸ್ಟ್‌ಮಿನ್‌ಸ್ಟರಿನ ಕಿಟಕಿ

ಸಮುದ್ರಜೀವಿಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಅಭ್ಯಸಿಸಿದವರಲ್ಲಿ ಮೊದಲಿಗರೆಂದು ಸಿಸಿಲಿಯ ಮೆಸಿನಾದಲ್ಲಿದ್ದ ಫ್ರೆಂಚ್ ಮಹಿಳೆ ಝಾನ್ ವಿಲ್‌ಪ್ರೂ ಪವರ್ ಅವರನ್ನು ಹೆಸರಿಸುವುದು ರೂಢಿ. 1832ರ ಸುಮಾರಿಗೆ ಅವರು ಆರ್ಗೊನಾಟ್ ಎಂಬ ಅಷ್ಟಪದಿಯನ್ನು ಹೀಗೆ ಸಾಕಿದರು. ಆದರೆ ಅವರ ಮನೆಯ ಮುಂದೆಯೇ ಕಡಲಿತ್ತು. ಕಡಲಿನಿಂದ ದೂರದ ಊರಿನಲ್ಲಿ, ತಂದಿಟ್ಟ ನೀರಿನಲ್ಲೇ, ವರ್ಷಗಟ್ಟಲೆ ಜೀವಿಗಳನ್ನು ಉಳಿಸಿಕೊಂಡ ಕೀರ್ತಿ ಲಂಡನ್ನಿನ ಆನ್ನಾ ಥಿನ್ ಅವರಿಗೆ ಸಲ್ಲುತ್ತದೆ. ಅವರು ಉಳಿಸಿಕೊಂಡ ಜೀವಿ ಹವಳವೇ ಎಂಬುದು ನಮ್ಮ ಕಥೆಗೆ ಒದಗಿದ ಅದೃಷ್ಟ.

ಆನ್ನಾ ಥಿನ್ ಅವರ ಪತಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಿರಿಯ ಪಾದ್ರಿ. 1846ರಲ್ಲಿ ಆಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿ ಎಂಬ ಊರಿನಲ್ಲಿ ಬಂಡೆಗಳ ಮೇಲೆ ಬೆಳೆದ ಬಟ್ಟಲಿನಾಕಾರದ ಸಣ್ಣ ಹವಳಗಳನ್ನು ಕಂಡರು. ಅವನ್ನು ಲಂಡನ್ನಿಗೆ ಒಯ್ಯುವಾಗ ಒಂದಕ್ಕೊಂದು ತಾಗಿ ಘಾಸಿಯಾಗದಂತೆ, ಸುತ್ತಲೂ ನೀರು ಆಡುವಂತೆ, ಸೂಜಿ ದಾರದಿಂದ ಸ್ಪಂಜಿಗೆ ಹೊಲಿದು ಜಾಡಿಯಲ್ಲಿಟ್ಟರು. ಮೊದಮೊದಲು ದಿನ ಬಿಟ್ಟು ದಿನ ನೀರು ಬದಲಿಸುತ್ತಿದ್ದರು. ಕಡಲ ನೀರನ್ನು ಅಷ್ಟು ದೂರದಿಂದ ಮತ್ತೆ ಮತ್ತೆ ತರಿಸುವುದು ಸಾಧ್ಯವಾಗದಾದಾಗ ಇದ್ದ ನೀರನ್ನೇ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಎತ್ತರದಿಂದ ಸುರಿದು ಗಾಳಿಯಾಡಿಸುವ ಉಪಾಯ ಹೂಡಿದರು. ಪ್ರತಿದಿನ ಅರ್ಧದಿಂದ ಮುಕ್ಕಾಲು ಗಂಟೆ ಈ ಕೆಲಸ ನಡೆಯುತ್ತಿತ್ತು. ಮಾಡುತ್ತಿದ್ದವಳು ಮನೆಗೆಲಸದ ಹುಡುಗಿ. ಇದು ದಣಿವಿನ ಕೆಲಸವಾದರೂ ಆ ಹುಡುಗಿಗೆ ಒಂದು ಬಗೆಯ ಆಟದಂತಿತ್ತು ಎಂಬರ್ಥದಲ್ಲಿ ಯಜಮಾನಿ ಬರೆದಿದ್ದಾರೆ. ಹುಡುಗಿ ಏನು ಹೇಳುತ್ತಿದ್ದಳೋ ಕೇಳಿದವರಿಲ್ಲ. ಕಡಲಿನಲ್ಲಿ ಅಲೆಗಳು ಮಾಡುವ ಕೆಲಸವನ್ನು ಲಂಡನ್ನಿನಲ್ಲಿ ಯಾರಾದರೂ ಕೈಯಿಂದ ಮಾಡಲೇಬೇಕಿತ್ತು. ಈ ಚರಿತ್ರೆಯ ಮೊದಲ ಪುಟದಲ್ಲೇ ಇರುವ ಆ ಕೈ ಹೆಸರಿಲ್ಲದ್ದು.

ಮರುವರ್ಷ ಥಿನ್ ಅವರು ಜೀವಂತ ಕಡಲಪಾಚಿ ಬೆಳೆದ ಕಲ್ಲುಗಳನ್ನು ತರಿಸಿ ತೊಟ್ಟಿಯಲ್ಲಿಟ್ಟರು. ಪಾಚಿ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ ಎಂಬ ವಿಜ್ಞಾನ ಆಗಾಗಲೇ ತಿಳಿದಿತ್ತು. ಹವಳಗಳು ಸುಮಾರು ಮೂರು ವರ್ಷ ಬದುಕಿದವು, ಮರಿಗಳನ್ನೂ ಹಾಕಿದವು. ಇದೇ ಸಮತೋಲನದ ತತ್ತ್ವವನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮೀನು, ಜಲಸಸ್ಯ, ಬಸವನಹುಳುಗಳ ಸಿಹಿನೀರಿನ ತೊಟ್ಟಿಯೊಂದರ ಮೂಲಕ ಶಾಸ್ತ್ರೀಯವಾಗಿ ನಿರೂಪಿಸಿದರು. ಥಿನ್ ಅವರ ಲೇಖನ ಅಚ್ಚಾದದ್ದು 1859ರಲ್ಲಿ. ಅಷ್ಟರಲ್ಲಿ ಹೆಸರು ಬೇರೆಯವರದಾಗಿತ್ತು.

ಗಾಸ್ ಬಿಟ್ಟ ಉಪ್ಪು

ಆ ಬೇರೆಯವರಲ್ಲಿ ಮುಖ್ಯರು ಫಿಲಿಪ್ ಹೆನ್ರಿ ಗಾಸ್. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ಅವರು ಪರಿಚಿತರಾಗುವುದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನದಿಂದ: ಬೈಬಲ್ಲನ್ನು ಅಕ್ಷರಶಃ ನಂಬಿದ, ಡಾರ್ವಿನ್ನನ ಕಾಲಕ್ಕೆ ಒಗ್ಗದ, ಕಠಿಣ ತಂದೆಯಾಗಿ. ಅದೇ ತಂದೆ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದು ಆ ಶಬ್ದವನ್ನೇ ಮನೆಮಾತಾಗಿಸಿದರು. ಅದರ ಹಿಂದಿನ ವರ್ಷ ಲಂಡನ್ನಿನ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆದಿತ್ತು.

ಕಡಲಿಂದ ದೂರದಲ್ಲಿರುವವರಿಗಾಗಿ ಗಾಸ್ ಕೃತಕ ಕಡಲನೀರಿನ ಪಾಕವೊಂದನ್ನೂ ಪ್ರಕಟಿಸಿದರು. ಅದರಲ್ಲಿ ನಾಲ್ಕೇ ಲವಣಗಳು: ಅಡುಗೆಯ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ಕಡಲನೀರಿನ ವಿಶ್ಲೇಷಣೆ ಅವರ ಮುಂದಿತ್ತು. ಸಣ್ಣ ಪ್ರಮಾಣದಲ್ಲಿದ್ದವನ್ನು ಅವರು ಕೈಬಿಟ್ಟರು. ಕೈಬಿಟ್ಟವುಗಳಲ್ಲಿ ಸುಣ್ಣವೂ ಒಂದು. ಮೀನಿಗೆ, ಕಡಲ ಹೂವಿಗೆ ಆ ನೀರು ಕೆಲಕಾಲ ಸಾಕಾಗುತ್ತಿತ್ತು. ಮೈಯನ್ನೇ ಸುಣ್ಣದಿಂದ ಕಟ್ಟುವ ಪ್ರಾಣಿಗೆ ಅದು ಇಟ್ಟಿಗೆಯಿಲ್ಲದ ಊರು.

ಅಕ್ವೇರಿಯಂ ಗೀಳು ಇಂಗ್ಲೆಂಡನ್ನು ಹತ್ತಾರು ವರ್ಷ ಆವರಿಸಿತು. ತಂದೆಯ ಪುಸ್ತಕಗಳನ್ನು ಓದಿದ ಜನ ಬುಟ್ಟಿ ಹಿಡಿದು ಕಡಲದಂಡೆಗೆ ಧಾವಿಸಿ ಬಂಡೆಗಳ ನಡುವಣ ಕೊಳಗಳನ್ನು ಬರಿದುಮಾಡಿದ್ದನ್ನೂ, ಅದನ್ನು ಕಂಡು ತಂದೆ ನೊಂದದ್ದನ್ನೂ ಮಗ ಆ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಮನೆಗೆ ತಂದ ಜೀವಿಗಳಲ್ಲಿ ಹೆಚ್ಚಿನವು ಸಣ್ಣ ತೊಟ್ಟಿಯಲ್ಲಿ ಕೆಟ್ಟ ನೀರಿನಿಂದ ಸತ್ತವು. ಇದಕ್ಕೆ ಪರಿಹಾರ ಕಂಡವರು ಅಕ್ವೇರಿಯಂ ವ್ಯಾಪಾರಿಯಾಗಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವರು ಕಟ್ಟಿದ ಮತ್ಸ್ಯಾಲಯದಲ್ಲಿ ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ, ಕತ್ತಲೆಯ ನೆಲದಡಿಯ ಕೊಳವೊಂದಿತ್ತು; ಹಗಲಿರುಳೂ ನೀರು ಅಲ್ಲಿಂದ ಮೇಲಕ್ಕೂ ಮೇಲಿಂದ ಕೆಳಕ್ಕೂ ಹರಿಯುತ್ತಿತ್ತು. ನೀರಿನ ಮೊತ್ತ ಹೆಚ್ಚಿದಷ್ಟೂ ಅದರ ಗುಣ ನಿಧಾನವಾಗಿ ಬದಲಾಗುತ್ತದೆ ಎಂಬ ಅವರ ತತ್ತ್ವ ಇಂದಿಗೂ ಪ್ರತಿಯೊಂದು ದೊಡ್ಡ ಮತ್ಸ್ಯಾಲಯದ ಅಡಿಪಾಯ.

ಎಪ್ಪತ್ತೇಳು ಸೀಸೆಗಳು

ತೊಟ್ಟಿಯ ನೀರು ಕಡಲನೀರಿನಂತಿರಬೇಕು ಎನ್ನುವುದು ಸುಲಭ. ಕಡಲನೀರು ಹೇಗಿದೆ ಎಂಬುದು ಖಚಿತವಾಗಿ ತಿಳಿಯಬೇಕಿತ್ತು. 1872ರಿಂದ 1876ರವರೆಗೆ ಬ್ರಿಟನ್ನಿನ ಚಾಲೆಂಜರ್ ನೌಕೆ ಭೂಮಿಯ ಸಾಗರಗಳನ್ನು ಸುತ್ತಿ ಬಂತು. ಅದು ತಂದ 77 ನೀರಿನ ಮಾದರಿಗಳನ್ನು ಗ್ಲಾಸ್ಗೋದ ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪ್ಪಿನ ಒಟ್ಟು ಪ್ರಮಾಣ ಅಲ್ಲಿಗಿಲ್ಲಿಗೆ ಹೆಚ್ಚುಕಡಮೆಯಾದರೂ ಮುಖ್ಯ ಲವಣಗಳ ಪರಸ್ಪರ ಅನುಪಾತ ಎಲ್ಲ ಸಾಗರಗಳಲ್ಲೂ ಒಂದೇ ಎಂಬುದು ಅದರಿಂದ ದೃಢವಾಯಿತು. ಹೀಗೆಂಬ ಊಹೆ 1819ರಷ್ಟು ಹಿಂದೆಯೇ ಅಲೆಕ್ಸಾಂಡರ್ ಮಾರ್ಸೆ ಅವರಿಂದ ಬಂದಿತ್ತು. ಡಿಟ್ಮಾರ್ ಅದಕ್ಕೆ ಗಟ್ಟಿ ಅಂಕಿಗಳನ್ನು ಒದಗಿಸಿದರು. ಇಂದು ಪ್ಯಾಕೆಟ್ಟಿನಲ್ಲಿ ಮಾರುವ ಕೃತಕ ಕಡಲುಪ್ಪಿನ ಹಿಂದಿರುವುದು ಈ ತಿಳಿವಳಿಕೆಯೇ.

ಒಂದು ಸಣ್ಣ ಅಪವಾದವನ್ನು ಡಿಟ್ಮಾರ್ ಗಮನಿಸಿದ್ದರು: ಮೇಲ್ಪದರದ ನೀರಿಗಿಂತ ಆಳದ ನೀರಿನಲ್ಲಿ ಕ್ಯಾಲ್ಸಿಯಂ ತುಸು ಹೆಚ್ಚು. ಮೇಲ್ಪದರದ ಜೀವಿಗಳು ಚಿಪ್ಪು ಕಟ್ಟಲು ಸುಣ್ಣವನ್ನು ಹೀರುತ್ತವೆ. ಸತ್ತ ಚಿಪ್ಪುಗಳು ಆಳಕ್ಕಿಳಿದು ಕರಗುತ್ತವೆ. ಇಡೀ ಸಾಗರದ ಲೆಕ್ಕದಲ್ಲಿ ಈ ವ್ಯತ್ಯಾಸ ನಗಣ್ಯ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಅದೇ ವ್ಯತ್ಯಾಸ ಕೆಲವೇ ದಿನಗಳಲ್ಲಿ ಬದುಕು ಸಾವಿನ ಪ್ರಶ್ನೆಯಾಗುತ್ತದೆ ಎಂಬುದು ಮುಂದಿನ ಶತಮಾನಕ್ಕೆ ಕಾದಿದ್ದ ಪಾಠ.

ಬೆಳಕಿನಲ್ಲಿ ಕಟ್ಟುವ ಮನೆ

ಆನ್ನಾ ಥಿನ್ ಸಾಕಿದ್ದು ತಣ್ಣೀರಿನ, ಒಂಟಿಯಾಗಿ ಬೆಳೆಯುವ ಹವಳ. ಉಷ್ಣವಲಯದ ದಿಬ್ಬ ಕಟ್ಟುವ ಹವಳದ ಒಡಲಲ್ಲಿ ಇನ್ನೊಂದು ಜೀವ ವಾಸವಾಗಿರುತ್ತದೆ: ಕಣ್ಣಿಗೆ ಕಾಣದ ಏಕಕೋಶದ ಪಾಚಿ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಪಾಲು ಕೊಡುತ್ತದೆ; ಹವಳ ಅದಕ್ಕೆ ಆಸರೆಯನ್ನೂ ತನ್ನ ತ್ಯಾಜ್ಯವನ್ನೂ ಕೊಡುತ್ತದೆ. 1928ರಿಂದ 1929ರವರೆಗೆ ಸಿ. ಎಂ. ಯಂಗ್ ಅವರ ನೇತೃತ್ವದ ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಲೋ ಐಲ್ಸ್ ದ್ವೀಪಗಳಲ್ಲಿ ನೆಲೆಸಿ ಈ ಸಂಬಂಧವನ್ನು ಅಭ್ಯಸಿಸಿತು, ತಂಡದ ಎ. ಪಿ. ಓರ್ ದಿಬ್ಬದ ನೀರಿನ ಗುಣಗಳನ್ನು ತಿಂಗಳುಗಟ್ಟಲೆ ಅಳೆದರು. 1950ರ ದಶಕದಲ್ಲಿ ಜಮೈಕಾದಲ್ಲಿ ಥಾಮಸ್ ಗೊರೋ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಹವಳವು ಕತ್ತಲೆಗಿಂತ ಬೆಳಕಿನಲ್ಲಿ ಹಲವು ಪಟ್ಟು ವೇಗವಾಗಿ ಸುಣ್ಣ ಕಟ್ಟುತ್ತದೆ ಎಂದು ತೋರಿಸಿದರು. ಹವಳಕ್ಕೆ ಪ್ರಖರವಾದ ಬೆಳಕು ಬೇಕು. ಬೆಳಕು ಹೆಚ್ಚಿದಷ್ಟೂ ಅದು ನೀರಿನಿಂದ ಸುಣ್ಣವನ್ನು ಹೆಚ್ಚು ಹೀರುತ್ತದೆ. ತೊಟ್ಟಿಯಲ್ಲಿ ಹವಳ ಸಾಕುವವರ ಕಷ್ಟವೆಲ್ಲ ಈ ಎರಡು ವಾಕ್ಯಗಳಲ್ಲಿದೆ: ಹವಳ ಚೆನ್ನಾಗಿ ಬೆಳೆದಷ್ಟೂ ತನ್ನ ನೀರನ್ನು ತಾನೇ ಬೇಗ ಬಡವಾಗಿಸುತ್ತದೆ.

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ಪದ್ಧತಿಯನ್ನು ವಿವರಿಸಿದರು. ಶೋಧಕ ಯಂತ್ರವಿಲ್ಲ, ಕಡಲಿನಿಂದ ತಂದ ಜೀವಂತ ಬಂಡೆಗಳು, ನೈಸರ್ಗಿಕ ಕಡಲನೀರು, ಬಿಸಿಲು, ಒಂದು ಕೊಳವೆಯಿಂದ ಮೇಲೇಳುವ ಗಾಳಿಗುಳ್ಳೆ, ಇಷ್ಟೇ. ಬಂಡೆಯ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾಗಳು ಕೊಳಕನ್ನು ಕರಗಿಸುತ್ತಿದ್ದವು. ಇಂಡೋನೇಷ್ಯಾದವರಿಗೆ ಕಡಲು ಹತ್ತಿರ. ನೀರು ಬಡವಾದರೆ ಬೇರೆ ನೀರು ತರಬಹುದು. ಕಡಲಿನಿಂದ ದೂರವಿರುವ, ಚಳಿಗಾಲದಲ್ಲಿ ಬಿಸಿಲೇ ಇಲ್ಲದ ಊರಿನಲ್ಲಿ ಇದನ್ನು ಸಾಧಿಸುವುದು ಹೇಗೆ?

ಬರ್ಲಿನ್ನಿನ ಸುಣ್ಣದ ತಿಳಿ

ಉತ್ತರ ಬಂದದ್ದು ಜರ್ಮನ್ ಭಾಷಿಕರಿಂದ. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಅವರು ತೊಟ್ಟಿಯ ಹವಳಕ್ಕೆ ‘ಕಾಲ್ಕ್‌ವಾಸರ್’ ಕೊಡಬೇಕೆಂದು ಬರೆದರು. ಜರ್ಮನ್ ಶಬ್ದವೆಂದು ಬೆಚ್ಚಬೇಕಿಲ್ಲ: ಕಾಲ್ಕ್ ಎಂದರೆ ಸುಣ್ಣ, ವಾಸರ್ ಎಂದರೆ ನೀರು. ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಕಿ, ಕೆಳಗೆ ನಿಂತ ಗಸಿಯನ್ನು ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡರೆ ಅದೇ ಸುಣ್ಣದ ತಿಳಿ. ನಮ್ಮ ಅಜ್ಜಿಯಂದಿರಿಗೆ ಅಪರಿಚಿತವಲ್ಲದ ವಸ್ತು.

ಬರ್ಲಿನ್ನಿನಲ್ಲಿ ಡೀಟ್ರಿಶ್ ಸ್ಟ್ಯೂಬರ್ ಮತ್ತು ಗೆಳೆಯರು ಇದಕ್ಕೆ ಜೀವಂತ ಬಂಡೆ, ನೊರೆಯೊಂದಿಗೆ ಕೊಳೆಯನ್ನು ಎತ್ತಿ ತೆಗೆಯುವ ಸ್ಕಿಮ್ಮರ್ ಮತ್ತು ಪ್ರಖರ ಮೆಟಲ್ ಹ್ಯಾಲೈಡ್ ದೀಪಗಳನ್ನು ಜೋಡಿಸಿದರು. ‘ಬರ್ಲಿನ್ ಪದ್ಧತಿ’ ಎಂದು ಹೆಸರಾದದ್ದು ಇದೇ. ಸ್ಟ್ಯೂಬರ್ ಅವರ ತೊಟ್ಟಿಯಲ್ಲಿ ಕವಲೊಡೆದು ಬೆಳೆದ ಅಕ್ರೊಪೊರಾ ಹವಳವೊಂದರ ತುಂಡುಗಳು ಗೆಳೆಯರಿಂದ ಗೆಳೆಯರಿಗೆ ದಾಟಿ ಯೂರೋಪಿನ ಎಷ್ಟೋ ಮನೆಗಳನ್ನು ಸೇರಿದವು. ಕಡಲಿನಿಂದ ಕಿತ್ತು ತರದೆ, ದಾಸವಾಳದ ಕಡ್ಡಿಯಂತೆ ಕೈಯಿಂದ ಕೈಗೆ ಹವಳ ಹಂಚಿಕೊಳ್ಳಬಹುದು ಎಂಬುದು ಗಾಸ್ ಅವರ ಕಾಲದ ಬರಿದಾದ ಬಂಡೆಕೊಳಗಳಿಗೆ ತಡವಾಗಿ ಬಂದ ಪ್ರಾಯಶ್ಚಿತ್ತದಂತಿತ್ತು.

ಸುಣ್ಣದ ತಿಳಿಯ ಗುಟ್ಟನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಹವಳದ ಅಸ್ಥಿಯೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕಟ್ಟಲು ಎರಡು ಸರಕು ಬೇಕು: ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಕಡಲನೀರಿನ ಒಂದು ಲೀಟರಿನಲ್ಲಿ ಕ್ಯಾಲ್ಸಿಯಂ ಸುಮಾರು 410 ಮಿಲಿಗ್ರಾಂ ಇರುತ್ತದೆ. ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟುಗಳ ಸಂಗ್ರಹವನ್ನು ‘ಕ್ಷಾರೀಯತೆ’ ಎಂಬ ಅಳತೆಯಿಂದ ತಿಳಿಯುತ್ತಾರೆ. ಆಮ್ಲ ಬಿದ್ದರೆ ತಡೆದುಕೊಳ್ಳುವ ನೀರಿನ ಶಕ್ತಿಯೂ ಅದೇ. ಕಡಲಿನಲ್ಲಿ ಅದು ಲೀಟರಿಗೆ ಸುಮಾರು 2.3 ಮಿಲಿ ಈಕ್ವಿವಲೆಂಟ್. ಹವಳ ಒಂದು ಮಿಲಿ ಈಕ್ವಿವಲೆಂಟ್ ಕ್ಷಾರೀಯತೆಯನ್ನು ಬಳಸಿದಾಗ 20 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ಅಂದರೆ ಕ್ಯಾಲ್ಸಿಯಂನ ಕಣಜದಲ್ಲಿ ಶೇ. 5ರಷ್ಟು ಮಾತ್ರ ಖಾಲಿಯಾಗುವ ಹೊತ್ತಿಗೆ ಕ್ಷಾರೀಯತೆಯ ಕಣಜದಲ್ಲಿ ಶೇ. 40ಕ್ಕೂ ಹೆಚ್ಚು ಬರಿದಾಗಿರುತ್ತದೆ. ಮನೆ ಕಟ್ಟುವವನ ಬಳಿ ಮರಳು ರಾಶಿಯಿದ್ದು ಸಿಮೆಂಟು ಎರಡೇ ಚೀಲ ಉಳಿದಂತೆ. ಕ್ಯಾಲ್ಸಿಯಂ ಸಾಕಷ್ಟಿದ್ದೂ ಹವಳಗಳು ಸೊರಗುತ್ತಿದ್ದುದರ ಕಾರಣ ಬಹಳ ಕಾಲ ಈ ಎರಡನೆಯ ಕಣಜದಲ್ಲಿ ಅಡಗಿತ್ತು.

ಸುಣ್ಣದ ತಿಳಿಯಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡೂ ಹವಳ ಬಳಸುವ ಅನುಪಾತದಲ್ಲೇ ಇರುತ್ತವೆ. ಬೇಡದ ಯಾವ ಉಪ್ಪೂ ಉಳಿಯುವುದಿಲ್ಲ. ಆದರೆ ಅದು ಉಗ್ರವಾದ ಕ್ಷಾರ. ಅದರ ಪಿಎಚ್ 12ನ್ನು ದಾಟುತ್ತದೆ. ಕಡಲಿನದು 8ರ ಆಸುಪಾಸು. ಒಮ್ಮೆಗೇ ಸುರಿದರೆ ತೊಟ್ಟಿಯಲ್ಲಿ ಸುಣ್ಣ ಹಿಮದಂತೆ ಉದುರಿ ಹವಳಗಳು ಸಾಯುತ್ತವೆ. ಹಾಗಾಗಿ ಹನಿ ಹನಿಯಾಗಿ, ಆವಿಯಾದ ನೀರಿನ ಜಾಗಕ್ಕೆ, ಹೆಚ್ಚಾಗಿ ರಾತ್ರಿಯ ಹೊತ್ತು ಬಿಡುತ್ತಾರೆ. ರಾತ್ರಿಯೇ ಏಕೆಂದರೆ, ಹಗಲಿನಲ್ಲಿ ಪಾಚಿ ಹೀರುವ ಇಂಗಾಲದ ಡೈಆಕ್ಸೈಡ್ ಕತ್ತಲಾದೊಡನೆ ನೀರಿನಲ್ಲಿ ಸೇರಿ ಪಿಎಚ್ಚನ್ನು ತಗ್ಗಿಸುತ್ತದೆ. ಸುಣ್ಣದ ಹನಿ ಅದನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಇದರ ಜೊತೆಗೆ ಮೂರನೆಯ ಕಾವಲುಗಾರನೊಬ್ಬನಿದ್ದಾನೆ: ಮೆಗ್ನೀಸಿಯಂ. ಲೀಟರಿಗೆ 1300 ಮಿಲಿಗ್ರಾಂನಷ್ಟಿರುವ ಅದು ಹುಟ್ಟುತ್ತಿರುವ ಸುಣ್ಣದ ಹರಳುಗಳಿಗೆ ಅಡ್ಡಬಂದು, ನೀರಿನ ಸುಣ್ಣವೆಲ್ಲ ತಾನಾಗಿಯೇ ಗಟ್ಟಿಯಾಗಿ ತಳ ಸೇರದಂತೆ ತಡೆಯುತ್ತದೆ. ಮೆಗ್ನೀಸಿಯಂ ಇಳಿದ ತೊಟ್ಟಿಯಲ್ಲಿ ಎಷ್ಟು ಸುಣ್ಣ ಹಾಕಿದರೂ ಅಂಕಿ ನಿಲ್ಲದು.

ಸುಣ್ಣದ ತಿಳಿಗೆ ಮಿತಿಯಿತ್ತು: ಆವಿಯಾಗುವ ನೀರಿಗಿಂತ ಹೆಚ್ಚು ಸೇರಿಸುವಂತಿಲ್ಲ. ತೊಟ್ಟಿ ಹವಳಗಳಿಂದ ತುಂಬಿದಾಗ ಇನ್ನೂ ಬಲವಾದ ಮಾರ್ಗ ಬೇಕಾಯಿತು. 1990ರ ದಶಕದಲ್ಲಿ ಜರ್ಮನಿಯಲ್ಲೇ ಎರಡು ಉಪಾಯಗಳು ರೂಪುಗೊಂಡವು. ಒಂದು, ಸತ್ತ ಹವಳದ ಚೂರುಗಳನ್ನು ಮುಚ್ಚಿದ ಕೊಳವೆಯಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ಹಾಯಿಸಿ ಕರಗಿಸಿ, ಆ ನೀರನ್ನು ಬದುಕಿರುವ ಹವಳಕ್ಕೆ ಉಣಿಸುವ ರಿಯಾಕ್ಟರ್. ಇನ್ನೊಂದು, ಹಾನ್ಸ್-ವೆರ್ನರ್ ಬಾಲಿಂಗ್ ಅವರ ಹೆಸರಿನ ಪದ್ಧತಿ: ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಬೈಕಾರ್ಬೊನೇಟನ್ನು ಬೇರೆ ಬೇರೆಯಾಗಿ ಕರಗಿಸಿ, ಅಳೆದು ಸೇರಿಸಿ, ಉಳಿಯುವ ಅಡುಗೆಯುಪ್ಪನ್ನು ಇತರ ಲವಣಗಳಿಂದ ಸರಿದೂಗಿಸುವುದು. ಇಂದು ಪುಟ್ಟ ಪಂಪುಗಳು ಗಂಟೆಗೊಮ್ಮೆ ಕೆಲವೇ ಮಿಲಿಲೀಟರಿನಂತೆ ಈ ಕೆಲಸ ಮಾಡುತ್ತವೆ. ವೆಸ್ಟ್‌ಮಿನ್‌ಸ್ಟರಿನ ಕಿಟಕಿಯ ಬಳಿ ನಿಂತಿದ್ದ ಹುಡುಗಿಯ ಕೆಲಸವನ್ನು ಯಂತ್ರ ವಹಿಸಿಕೊಂಡದ್ದು ಹೀಗೆ.

ದಿನವಹಿಯ ಪಾಠ

ಇಷ್ಟು ವರ್ಷಗಳ ಅನುಭವದಿಂದ ಹವಳ ಸಾಕುವವರು ಕಂಡುಕೊಂಡ ಸತ್ಯವೊಂದು ನಮಗೆ ವಿಶೇಷವಾಗಿ ಕಾಣುತ್ತದೆ. ಮೊದಲಿಗೆ ಎಲ್ಲರೂ ಹುಡುಕಿದ್ದು ಸರಿಯಾದ ಅಂಕಿಯನ್ನು. ಕ್ಷಾರೀಯತೆ ಜರ್ಮನ್ ಡಿಗ್ರಿಯಲ್ಲಿ 7 ಇರಬೇಕೇ, 9 ಇರಬೇಕೇ, 11 ಇರಬೇಕೇ? ಒಳ್ಳೆಯ ತೊಟ್ಟಿಗಳು ಮೂರರಲ್ಲೂ ಇದ್ದವು. ಹವಳಗಳು ಸತ್ತ ತೊಟ್ಟಿಗಳಲ್ಲಿ ಮತ್ತೆ ಮತ್ತೆ ಕಂಡದ್ದು ಅಂಕಿಯ ಏರಿಳಿತ: ಇಂದು 7, ಒಮ್ಮೆಗೇ ಸುರಿದದ್ದರಿಂದ ನಾಳೆ 11, ಮರೆತದ್ದರಿಂದ ವಾರದೊಳಗೆ ಮತ್ತೆ 7. ಕವಲು ಹವಳದ ತುದಿಗಳು ಸುಟ್ಟಂತಾಗುತ್ತವೆ, ಬುಡದಿಂದ ಚರ್ಮ ಸುಲಿಯುತ್ತದೆ. ಹವಳ ತುಂಬಿದ ತೊಟ್ಟಿಯಲ್ಲಿ ಕ್ಷಾರೀಯತೆ ಒಂದೇ ದಿನದಲ್ಲಿ ಒಂದು ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಇಳಿದದ್ದನ್ನು ಇಳಿದ ವೇಗದಲ್ಲೇ ತುಂಬಬೇಕು. ತಪ್ಪಿ ಬಹಳ ಇಳಿದಿದ್ದರೆ ಹಲವು ದಿನಗಳಲ್ಲಿ ಮೆಲ್ಲನೆ ಏರಿಸಬೇಕು. ಉಪ್ಪಿನಂಶ, ಉಷ್ಣತೆಗಳಿಗೂ ಇದೇ ನಿಯಮ. ನೈಟ್ರೇಟ್, ಫಾಸ್ಫೇಟುಗಳಿಗೂ ಅಷ್ಟೇ: ಹೆಚ್ಚಾದರೆ ಪಾಚಿ ಮುತ್ತುತ್ತದೆ, ಪೂರ್ತಿ ಇಲ್ಲವಾದರೆ ಹವಳದೊಳಗಿನ ಪಾಚಿ ಹಸಿದು ಬಣ್ಣ ಮಾಸುತ್ತದೆ.

ಆದುದರಿಂದ ಅನುಭವಿಗಳ ಮನೆಯಲ್ಲಿ ತೊಟ್ಟಿಯ ಪಕ್ಕ ಒಂದು ದಿನವಹಿ ಇರುತ್ತದೆ. ದಿನದ ಒಂದೇ ಹೊತ್ತಿಗೆ ಅಳೆದು ಬರೆದ ಅಂಕಿಗಳು. ಹೊತ್ತು ಬದಲಾದರೆ ಅಂಕಿಯೂ ಬದಲಾಗಿ ದಾರಿ ತಪ್ಪಿಸುತ್ತದೆ. ಕಚೇರಿಯ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಈ ಶಿಸ್ತು ಪರಿಚಿತವೇ: ಒಂದು ದಿನದ ನಮೂದು ಏನನ್ನೂ ಹೇಳುವುದಿಲ್ಲ, ಮೂರು ತಿಂಗಳ ಸಾಲು ಎಲ್ಲವನ್ನೂ ಹೇಳುತ್ತದೆ.

ತೊಟ್ಟಿಯಂತಾದ ಕಡಲು

1991ರಲ್ಲಿ ಅಮೆರಿಕದ ಅರಿಝೋನಾ ಮರುಭೂಮಿಯ ‘ಬಯೊಸ್ಫಿಯರ್ 2’ ಎಂಬ ಗಾಜಿನ ಕಟ್ಟಡದೊಳಗೆ ಎಂಟು ಮಂದಿ ಎರಡು ವರ್ಷಗಳ ವಾಸಕ್ಕೆ ಹೊಕ್ಕರು. ಒಳಗೆ ಕಾಡು, ಹೊಲಗಳ ಜೊತೆ ಇಪ್ಪತ್ತೈದು ಲಕ್ಷ ಲೀಟರಿಗೂ ಮಿಕ್ಕಿದ ಕಡಲು, ಅದರಲ್ಲಿ ಹವಳದ ದಿಬ್ಬ. ಮುಚ್ಚಿದ ಕಟ್ಟಡದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಎಷ್ಟೋ ಪಟ್ಟು ಏರಿತು. ಅದು ನೀರಿನಲ್ಲಿ ಕರಗಿ ಪಿಎಚ್ ಇಳಿಯಿತು. ಒಳಗಿದ್ದವರು ಬೈಕಾರ್ಬೊನೇಟ್ ಸೇರಿಸಿ ಕಡಲನ್ನು ಹಿಡಿದು ನಿಲ್ಲಿಸಬೇಕಾಯಿತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯ ಆ ಕಟ್ಟಡವನ್ನು ವಹಿಸಿಕೊಂಡಾಗ ಕ್ರಿಸ್ ಲ್ಯಾಂಗ್ಡನ್ ಅವರ ತಂಡ ಆ ತೊಟ್ಟಿಯ ಕಾರ್ಬೊನೇಟನ್ನು ಬೇಕೆಂದೇ ಏರಿಸಿ ಇಳಿಸಿ ನೋಡಿತು. 2000ದಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ನೀರಿನಲ್ಲಿ ಸುಣ್ಣದ ಪರ್ಯಾಪ್ತತೆ ಇಳಿದಂತೆ ಇಡೀ ದಿಬ್ಬದ ಕಟ್ಟುವಿಕೆ ಇಳಿಯುತ್ತದೆ. ಅಲ್ಲಿಯವರೆಗೆ, ಕಡಲಿನಲ್ಲಿ ಸುಣ್ಣ ಹೇರಳವಾಗಿದೆ, ಹವಳಕ್ಕೆ ಚಿಂತೆಯಿಲ್ಲ ಎಂಬ ನಂಬಿಕೆ ಬಲವಾಗಿತ್ತು.

ಆ ಗಾಜಿನ ಮನೆಯಲ್ಲಿ ನಡೆದದ್ದೇ ಹೊರಗೆ ನಿಧಾನವಾಗಿ ನಡೆಯುತ್ತಿದೆ. ಕೈಗಾರಿಕೆಯ ಯುಗ ಆರಂಭವಾದಂದಿನಿಂದ ಕಡಲಿನ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಕೇಳಲು ಅಲ್ಪ, ಆದರೆ ಆ ಮಾಪಕದ ಲೆಕ್ಕದಲ್ಲಿ ಆಮ್ಲೀಯತೆ ಶೇ. 25ಕ್ಕೂ ಹೆಚ್ಚು ಏರಿದಂತೆ. ಡಿಟ್ಮಾರ್ ಅವರ ಸೀಸೆಗಳು ಸ್ಥಿರವೆಂದು ಸಾಕ್ಷಿ ನುಡಿದ ಮುಖ್ಯ ಲವಣಗಳು ಇಂದೂ ಸ್ಥಿರವಾಗಿವೆ. ಕದಲುತ್ತಿರುವುದು ಹವಳ ಸಾಕುವವರು ಕಂಡುಕೊಂಡ ಆ ಎರಡನೆಯ, ಸಣ್ಣ ಕಣಜ: ಕಾರ್ಬೊನೇಟ್.

2014ರಲ್ಲಿ ಗ್ರೇಟ್ ಬ್ಯಾರಿಯರ್ ರೀಫಿನ ಒನ್ ಟ್ರೀ ದ್ವೀಪದಲ್ಲಿ ರೆಬೆಕಾ ಆಲ್‌ಬ್ರೈಟ್, ಕೆನ್ ಕಾಲ್ಡೇರಾ ಮತ್ತು ಸಂಗಡಿಗರು ದಿಬ್ಬದ ಮೇಲೆ ಹರಿಯುವ ನೀರಿಗೆ ಕ್ಷಾರವನ್ನು ಸೇರಿಸಿ, ಕೈಗಾರಿಕೆಗೆ ಮುಂಚಿನ ಕಾಲದ ನೀರನ್ನು ಹೋಲುವಂತೆ ಮಾಡಿದರು. ದಿಬ್ಬದ ಕಟ್ಟುವಿಕೆ ಸುಮಾರು ಶೇ. 7ರಷ್ಟು ಹೆಚ್ಚಿತು. ಬರ್ಲಿನ್ನಿನ ಕೋಣೆಯಲ್ಲಿ ರಾತ್ರಿ ಬೀಳುತ್ತಿದ್ದ ಹನಿಯನ್ನು ಇಲ್ಲಿ ತೆರೆದ ಕಡಲಿಗೆ ಬಿಟ್ಟಂತಾಯಿತು. ಒಂದು ಸಣ್ಣ ದಿಬ್ಬಕ್ಕೆ ಮೂರು ವಾರ ಹೀಗೆ ಮಾಡಬಹುದು. ಎಲ್ಲ ಕಡಲುಗಳ ಎಲ್ಲ ದಿಬ್ಬಗಳಿಗೆ, ಎಂದೆಂದಿಗೂ, ಯಾರು ಹನಿಸುವರು?

ನಮ್ಮ ದಂಡೆಗಳು

ನಮ್ಮ ದೇಶದಲ್ಲಿ ಈ ಸುಣ್ಣದ ಕಥೆ ತಿರುವುಮುರುವಾಗಿ ನಡೆದಿದೆ. ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಹಬ್ಬಿದ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಹವಳದ ದಿಬ್ಬಗಳಿವೆ. ದಶಕಗಳ ಕಾಲ ಅವನ್ನು ಒಡೆದು ದೋಣಿಗಳಲ್ಲಿ ಹೇರಿ ಸುಣ್ಣ ಸುಡಲು, ಸಿಮೆಂಟಿಗೆ ಸಾಗಿಸಲಾಯಿತು. ಅಲೆಗಳಿಗೆ ತಡೆಗೋಡೆಯಾಗಿದ್ದ ದಿಬ್ಬ ಹೋದ ಮೇಲೆ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿದವು. ಅದೇ ಕೊಲ್ಲಿಯ ಮಂಡಪಂನಲ್ಲಿ 1969ರಲ್ಲಿ ಹವಳ ದಿಬ್ಬಗಳ ಕುರಿತ ಮೊದಲ ಅಂತಾರಾಷ್ಟ್ರೀಯ ವಿಚಾರಸಂಕಿರಣ ನಡೆದಿತ್ತು ಎಂಬುದನ್ನು ನೆನೆದರೆ, ತಿಳಿವಳಿಕೆ ಮತ್ತು ಗೂಡಿನ ಬೆಂಕಿ ಎಷ್ಟು ಹತ್ತಿರದಲ್ಲಿದ್ದವೆಂಬುದು ಕಾಣುತ್ತದೆ. 1986ರಲ್ಲಿ ಅಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿಸಲಾಯಿತು. ನಮ್ಮ ಕಡಲಿನಿಂದ ಹವಳ ಕಿತ್ತು ತಂದು ಮನೆಯ ತೊಟ್ಟಿಯಲ್ಲಿಡುವುದು ಅಪರಾಧ.

ಇದನ್ನು ಓದುವ ಮುಂಬಯಿಯ ಗೆಳೆಯರಿಗೆ ಹವಳ ದೂರದ ವಸ್ತುವಲ್ಲ. ಹಾಜಿ ಅಲಿ, ವರಳಿಯ ಬಂಡೆಗಳ ಮೇಲೆ ಸಣ್ಣ ಕಲ್ಲುಹವಳಗಳಿದ್ದವು; ಕರಾವಳಿ ರಸ್ತೆಯ ಕಾಮಗಾರಿಗಾಗಿ 2020ರಲ್ಲಿ ಅವುಗಳಲ್ಲಿ ಕೆಲವನ್ನು ಸ್ಥಳಾಂತರಿಸಲಾಯಿತು. ನಮ್ಮ ಕರ್ನಾಟಕದಲ್ಲಿ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳಿಗೆ ಸ್ಕಿಮ್ಮರ್ ಇಲ್ಲ, ಪಂಪು ಇಲ್ಲ, ದಿನವಹಿ ಬರೆಯುವವರೂ ಇಲ್ಲ. ಕಡಲು ಈವರೆಗೆ ಆ ಕೆಲಸಗಳನ್ನೆಲ್ಲ ಸಂಬಳವಿಲ್ಲದೆ ಮಾಡಿಕೊಂಡು ಬಂದಿದೆ.

2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯ ಕಡಲು ವಿಪರೀತ ಕಾದಾಗ, ನೀರಿನಡಿಯ ತೋಟಗಳಲ್ಲಿ ಬೆಳೆಸಿದ್ದ ಹವಳಗಳನ್ನು ಎತ್ತಿ ದಡದ ತೊಟ್ಟಿಗಳಿಗೆ ಸಾಗಿಸಿದರು. ಕಡಲಿನ ಜೀವಿಗೆ ಕಡಲಿಗಿಂತ ತೊಟ್ಟಿಯೇ ಸುರಕ್ಷಿತವಾಗಿತ್ತು. ಅಲ್ಲಿ ಅವುಗಳನ್ನು ಕಾಪಾಡಿದ ವಿದ್ಯೆ ಬಹುಪಾಲು ಮನೆಯ ತೊಟ್ಟಿಗಳಲ್ಲಿ, ಹವ್ಯಾಸಿಗಳ ಕೈಯಲ್ಲಿ, ಸೋಲುಗಳಿಂದ ಕಲಿತದ್ದು. ಆ ವಿದ್ಯೆಯ ಬಗ್ಗೆ ನಮಗೆ ಗೌರವವಿದೆ. ಆದರೆ ತೊಟ್ಟಿಯಲ್ಲಿ ಇಳಿದ ಅಂಕಿಯನ್ನು ಮೇಲೆತ್ತಲು ಹೊರಗಿನಿಂದ ಸುಣ್ಣ ತಂದು ಹಾಕುವವನೊಬ್ಬ ಇರುತ್ತಾನೆ. ಕಡಲಿಗೆ ಹೊರಗೆಂಬುದಿಲ್ಲ. ಅಲ್ಲಿ ನಮ್ಮಿಂದ ಆಗಬಹುದಾದದ್ದು ಹೊಗೆಯನ್ನು ಕಡಿಮೆ ಮಾಡುವುದೊಂದೇ.